ಗೋಡೆಯ ಬಳಿ ಉಳಿದವಳು

ಇಸ್ತ್ರಿ ಅಂಗಡಿಯವಳ ಮಗಳು ನಾಲ್ಕು ದಿನದಿಂದ ಶಾಲೆಗೆ ಬಂದಿರಲಿಲ್ಲ. ಒಂಬತ್ತನೇ ತರಗತಿಯ ಸಮಾಜ ಟೀಚರಿಗೆ ಕಾರಣ ಗೊತ್ತಿತ್ತು. ಆ ಕಾರಣ ತಾವೇ.

ಕೆಲವು ದಿನಗಳ ಹಿಂದೆ ಟೀಚರ್, ಹುಟ್ಟಿನಿಂದಲೇ ಕೆಲವರಿಗೆ ಸಿಗುವ ಅನುಕೂಲದ ಬಗ್ಗೆ ಮಕ್ಕಳು ಮಾತಾಡಲಿ ಎಂದು ಅವರನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು.

"ಮನೇಲಿ ಓದೋಕೆ ಬೇರೆ ಕೋಣೆ ಇದ್ದವರು ಒಂದು ಹೆಜ್ಜೆ ಮುಂದೆ ಬನ್ನಿ. ಅಪ್ಪ ಅಮ್ಮ ಕಾಲೇಜು ಓದಿದ್ರೆ ಇನ್ನೊಂದು."

ಪ್ರಶ್ನೆ ಮುಗಿದಾಗ ಡಾಕ್ಟರ ಮಗ ಗೇಟಿನ ಹತ್ತಿರವಿದ್ದ. ಈ ಹುಡುಗಿ ಮಾತ್ರ ಹೊರಟಲ್ಲೇ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮರುದಿನ ಅವಳಿಗೆ 'ಗೋಡೆ' ಎಂದು ಹೆಸರು ಬಿತ್ತು.

"ನಾನು ಹೇಳಿರ್ಲಿಲ್ವಾ?" ಎಂದರು ಗಣಿತದ ಮೇಷ್ಟ್ರು. "ಈ ಮಾತೆಲ್ಲ ಕ್ಲಾಸಿಗೆ ಬೇಡ. ಪಾಠ ಮಾಡಿ, ಮನೆಗೆ ಹೋಗಿ."

ಸಂಜೆ ಟೀಚರ್ ಅಂಗಡಿಗೆ ಹೋದರು. ತಾಯಿ ಇಸ್ತ್ರಿ ಪೆಟ್ಟಿಗೆ ಕೆಳಗಿಡಲಿಲ್ಲ. ಮಗಳು ಅಂಗಿ ಮಡಚುತ್ತಿದ್ದಳು.

"ನಾವು ಹಿಂದಿದೀವಿ ಅಂತ ನಮಗೆ ಗೊತ್ತಿರ್ಲಿಲ್ವಾ ಟೀಚರೇ? ಊರೆಲ್ಲ ನೋಡೋ ಹಾಗೆ ಅಳೀಬೇಕಿತ್ತಾ?"

"ತಪ್ಪು ನಂದೇ ಅಮ್ಮ."

"ಹಾಗಾದ್ರೆ ಇನ್ನು ಆ ಮಾತೇ ಎತ್ತಬೇಡಿ."

ಮಗಳು ತಲೆ ಎತ್ತಿದಳು. "ಎತ್ತದಿದ್ರೆ ಸರಿಹೋಗುತ್ತಾ ಅಮ್ಮ? ಇದು ಆ ಡಾಕ್ಟರ ಮಗನ ಅಂಗಿ. ವಾರವಾರ ನಾನೇ ಮಡಚ್ತೀನಿ. ಅದು ಅವನಿಗೆ ಗೊತ್ತೇ ಇಲ್ಲ. ಮಾತಾಡ್ಲಿ ಟೀಚರ್. ಆದ್ರೆ ನನ್ನನ್ನ ನಿಲ್ಲಿಸಿ ತೋರಿಸೋದು ಬೇಡ. ಮುಂದೆ ಹೋದವರನ್ನ, ಯಾರಿಂದ ಹೋದ್ರಿ ಅಂತ ಕೇಳ್ಲಿ."

ಟೀಚರಿಗೆ ನಾಚಿಕೆಯಾಯಿತು. ಹದಿನೆಂಟು ವರ್ಷ ಪಾಠ ಮಾಡಿಯೂ ತಾವು ಕಲಿಯದಿದ್ದುದನ್ನು ಈ ಹುಡುಗಿ ಒಂದೇ ಮಾತಿನಲ್ಲಿ ಹೇಳಿದ್ದಳು.

"ಒಂದು ವಾರ ಕಳಿಸ್ತೀನಿ. ಆಮೇಲೆ ನೋಡೋಣ," ಎಂದಳು ತಾಯಿ.

ಸೋಮವಾರ ಟೀಚರ್ ಮೊದಲು ತಮ್ಮದನ್ನೇ ಹೇಳಿದರು. "ನಾನು ಓದ್ಲಿ ಅಂತ ನಮ್ಮಕ್ಕ ಶಾಲೆ ಬಿಟ್ಟು ಮನೆಗೆಲಸ ಮಾಡಿದ್ಲು. ಅದನ್ನ ನನ್ನ ಜಾಣತನ ಅಂದ್ಕೊಂಡಿದ್ದೆ. ಈಗ ನೀವು ಬರೀರಿ. ಇವತ್ತು ನೀವು ಇಲ್ಲಿ ಬಂದು ಕೂರೋಕೆ ಯಾರ್ಯಾರು ದುಡಿದ್ರು? ಹೆಸರು ಹಾಕ್ಬೇಡಿ, ಓದಿ ತೋರಿಸ್ಬೇಡಿ."

ಡಾಕ್ಟರ ಮಗ ಬಹಳ ಹೊತ್ತು ತನ್ನ ತೋಳಿನ ಇಸ್ತ್ರಿ ಗೆರೆ ನೋಡುತ್ತ ಕೂತ. ಬಾಗಿಲಲ್ಲಿ ನಿಂತಿದ್ದ ಗಣಿತದ ಮೇಷ್ಟ್ರು, "ನಂಗೂ ಒಂದು ಹಾಳೆ ಕೊಡಿ," ಎಂದರು.

ಹುಡುಗಿ ಈಗ ದಿನಾ ಬರುತ್ತಾಳೆ. ಆದರೆ ಆ ಅಡ್ಡಹೆಸರು ಪೂರ್ತಿ ಹೋಗಿಲ್ಲ, ಅವಳು ಇನ್ನೂ ಕೈ ಎತ್ತುವುದಿಲ್ಲ.

ಟೀಚರೇ, ಮೇಷ್ಟ್ರೇ, ಈ ಮಾತನ್ನು ತರಗತಿಯಲ್ಲಿ ಖಂಡಿತ ಆಡಿ. ನಿಮಗೆ ಸಿಕ್ಕಿದ್ದನ್ನು ಹೇಳಿಕೊಂಡು ಶುರುಮಾಡಿ. ಯಾವ ಮಗುವಿನ ಕಷ್ಟವನ್ನೂ ನಿಮ್ಮ ಪಾಠಕ್ಕೆ ಉದಾಹರಣೆ ಮಾಡಬೇಡಿ. ಅಂಗಳದಲ್ಲಿ ಒಮ್ಮೆ ಹಿಂದೆ ನಿಲ್ಲಿಸಿದ ಮಗುವನ್ನು ಮುಂದೆ ಕರೆತರಲು ವರ್ಷಗಳೇ ಬೇಕು.