ಕುಮಾರಿಗೆ ಕುಸ್ತಿ ಇಷ್ಟವಂತೆ

ಆ ನಂಬರು ಕೊಟ್ಟವನು ನಿಂಗರಾಜು, ಬದನಗುಪ್ಪೆಯ ದಾರದ ಕಾರ್ಖಾನೆಯಲ್ಲಿ ಶಿವರಾಮುವಿನ ಪಕ್ಕದ ಮಿಷನ್ನಿನವನು.

"ಗಂಡ ಎಂಡ್ತಿ ಇಬ್ರಿಗೂ ಏನೇನಿಷ್ಟ ಅಂತ ಒಂದೇ ತರ ಪ್ರಶ್ನೆ ಮೆಸೇಜ್ ಮಾಡ್ತದೆ ಕಣ್ಲಾ. ಮನುಷ್ಯ ಅಲ್ಲ, ಕಂಪ್ಯೂಟರ್ರು. ಇಬ್ರೂ ಊ ಅಂದದ್ನ ಮಾತ್ರ ಏಳ್ತದೆ."

ಶಿವರಾಮುವಿಗೆ ಮದುವೆಯಾಗಿ ಒಂಬತ್ತು ವರ್ಷ. ಹೆಂಡತಿ ಕುಮಾರಿ ತಮ್ಮೂರು ಹರದನಹಳ್ಳಿಯಲ್ಲೇ ಅಂಗನವಾಡಿ ಟೀಚರು. ಜಗಳವೇನಿಲ್ಲ, ಆದರೆ ಸಾರಿಗೆ ಉಪ್ಪು ಸಾಕಾ ಅನ್ನುವುದರಾಚೆ ಮಾತೂ ಇರಲಿಲ್ಲ. ಶಿವರಾಮು ಫೋನಿನಲ್ಲಿ ಅವಳ ಹೆಸರಲ್ಲಿದ್ದ ಎರಡು ನಂಬರಿನಲ್ಲಿ ಮೇಲಿನದನ್ನು ಕಳಿಸಿ, ಊಟದ ಬಿಡುವಿನಲ್ಲಿ ಇಪ್ಪತ್ತು ಪ್ರಶ್ನೆಗೂ ಉತ್ತರ ಒತ್ತಿದ. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಲು ಅವನಿಗೆ ನಾಚಿಕೆಯಾಯಿತು.

ಮೂರನೇ ದಿನ ಮೆಸೇಜ್ ಬಂತು: "ನಿಮ್ಮಿಬ್ಬರಿಗೂ ಇಷ್ಟ: ಕುಸ್ತಿ ನೋಡುವುದು, ಹಾರ್ಮೋನಿಯಂ ಕಲಿಯುವುದು."

ಶಿವರಾಮುವಿಗೆ ತಲೆಬುಡ ಗೊತ್ತಾಗಲಿಲ್ಲ. ಕೋಳಿ ಕೊಯ್ಯುವಾಗ ಪಕ್ಕದ ಮನೆಗೆ ಓಡುವವಳಿಗೆ ಕುಸ್ತಿಯಾ? ಸಂಜೆ ಫೋನಿನಲ್ಲಿ ಕುಸ್ತಿ ಹಾಕಿ ಅವಳ ಮುಂದಿಟ್ಟ. "ಮೊದ್ಲು ತಗೀರಿ ಅದ," ಅಂದಳು ಕುಮಾರಿ. ಒಂಬತ್ತು ವರ್ಷ ಆಸೆ ಮುಚ್ಚಿಟ್ಟುಕೊಂಡವಳು ಒಂದೇ ದಿನಕ್ಕೆ ಒಪ್ಪಿಕೊಳ್ಳುತ್ತಾಳಾ ಎಂದುಕೊಂಡ. ಆಮೇಲೆ ಅವಳು ಪಾತ್ರೆ ತೊಳೆಯುವಾಗ, ಜಡೆ ಹಾಕಿಕೊಳ್ಳುವಾಗ ಯಾರೋ ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದ.

ಭಾನುವಾರ ಗುಂಡ್ಲುಪೇಟೆಯಲ್ಲಿ ಕುಸ್ತಿಯಿತ್ತು. ಎಲ್ಲಿಗೆ ಅಂತಲೂ ಹೇಳದೆ ಗಾಡಿಯಲ್ಲಿ ಕರೆದುಕೊಂಡು ಹೋದ. ಮೊದಲ ಪೈಲ್ವಾನ ಮಣ್ಣಿಗೆ ಬಿದ್ದದ್ದೇ ಕುಮಾರಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಇಷ್ಟ ಅಂತ ನೀನೇ ತಾನೇ ಏಳಿದ್ದು?"

"ಯಾರ್ಗೇಳ್ದೆ ನಾನು?"

ಅವನು ಮೆಸೇಜ್ ತೋರಿಸಿದ. ಮೇಲಿಂದ ಕೆಳಕ್ಕೆ ಓದಿದವಳು, "ಇದು ನನ್ನ ಹಳೇ ನಂಬರ್ ಕಣ್ರಿ. ಬುಟ್ಟು ಒಂದು ವರ್ಷಾಯ್ತು," ಅಂದಳು.

ಹಾಗಾದರೆ ತನಗೆ ಜೋಡಿಯಾದವರು ಯಾರು? ಶಿವರಾಮು ಆ ನಂಬರಿಗೆ ಫೋನ್ ಮಾಡಿದ. ಅಖಾಡದ ತಮಟೆ ಫೋನಿನ ಒಳಗೂ ಕೇಳಿಸಿತು. "ಜೋರಾಗಿ ಮಾತಾಡಿ, ಕುಸ್ತಿ ನೋಡ್ತಾ ಇವ್ನಿ!" ಎಂದು ಗಂಡು ದನಿಯೊಂದು ಕೂಗಿತು. ಎದುರಿನ ಸಾಲಿನಲ್ಲಿ, ಹಣೆ ತುಂಬ ವಿಭೂತಿ ಹಚ್ಚಿದ ಅರವತ್ತರ ಮನುಷ್ಯರೊಬ್ಬರು ಒಂದು ಕಿವಿಗೆ ಫೋನ್ ಒತ್ತಿ ಇನ್ನೊಂದು ಕಿವಿ ಮುಚ್ಚಿಕೊಂಡು ನಿಂತಿದ್ದರು.

ಅವರು ಬಾಳೆಕಾಯಿ ವ್ಯಾಪಾರದ ವೃಷಭೇಂದ್ರಪ್ಪ. ವಿಷಯ ಕೇಳಿ ಬೆವರಿಬಿಟ್ಟರು. "ಫೋನ್ ಕಂಪ್ನಿಯೋರು ಕೇಳ್ತಾವ್ರೆ ಅನ್ಕಂಡೆ ಕಣಪ್ಪ. ಗಂಡ ಎಂಡ್ತಿ ಲೆಕ್ಕ ಅಂತ ನಂಗೇನ್ ಗೊತ್ತು? ತಪ್ಪಾಯ್ತು ಕಣವ್ವ."

ಕುಮಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇರ್ಲಿ ಬುಡಿ ಯಜಮಾನ್ರೆ. ಆರ್ಮೋನಿಯಂ ಇಬ್ರೂ ಒಟ್ಟಿಗೇ ಕಲೀರಿ."

ವಾಪಸು ಬರುವಾಗ ತೆರಕಣಾಂಬಿಯಲ್ಲಿ ಟೀಗೆ ಗಾಡಿ ನಿಲ್ಲಿಸಿದ ಶಿವರಾಮು, "ನಿಂಗೇನಿಷ್ಟ ಕುಮಾರಿ?" ಎಂದು ಕೇಳಿದ.

ಅವಳು ಲೋಟ ಕೆಳಗಿಟ್ಟು ಬೆರಳು ಮಡಿಸಿ ಎಣಿಸಲು ಹೊರಟು, ಮೊದಲ ಬೆರಳಲ್ಲೇ ನಿಂತಳು. "ಗೊತ್ತಿಲ್ಲ ಕಣ್ರಿ," ಅಂದಳು ಕಡೆಗೆ, ತನಗೇ ಆಶ್ಚರ್ಯವಾದವಳಂತೆ. ಆಮೇಲೆ ಅವನ ಫೋನ್ ಕಿತ್ತುಕೊಂಡು, ಆ ಕಂಪ್ಯೂಟರಿಗೆ ತನ್ನ ಹೊಸ ನಂಬರು ತಾನೇ ಒತ್ತಿ ಕಳಿಸಿ, ಫೋನ್ ವಾಪಸು ಕೊಟ್ಟಳು.

ಮೊದಲ ಪ್ರಶ್ನೆ ಬಂದು ಎರಡು ಫೋನೂ ಒಟ್ಟಿಗೇ ಸದ್ದು ಮಾಡಿದವು. ಇಬ್ಬರೂ ಬೆಂಚಿನ ಮೇಲೆ ಅತ್ತ ಇತ್ತ ತಿರುಗಿ ಕೂತರು.

"ನೀವೇನ್ ಒತ್ತುದ್ರಿ?"

"ಏಳ್ಬಾರ್ದಂತೆ," ಅಂದ ಶಿವರಾಮು, ಇನ್ನೂ ಏನೂ ಒತ್ತಲಾಗದೆ.