ಮುನಿಸಿನ ಹೊತ್ತು

ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ ದಿನ ಎರ್ವಿನ್ ಕೊವಾರ್ ತಮ್ಮನಿಗೆ ಫೋನು ಮಾಡಿದ. ಮಾಡಿ ಮಾತಾಡಿದ್ದೇನು ಅಂದರೆ, ಮಾಂಸದ ವಿಷಯ.

"ಸೋಮವಾರ ಕುಯ್ತಾರಂತೆ," ಅಂದ. ದನಿ ಆಗಲೇ ಗೊರಗೊರ ಅನ್ನುತ್ತಿತ್ತು. "ಆಮೇಲೆ ನನ್ನ ಬಾಯಿ ಬಂದ್. ನಿನ್ನ ಹೆಂಡ್ತಿಗೆ ಹಬ್ಬ ಬಿಡು. ನೋಡು ಲೇರಾಯ್, ಶನಿವಾರ ಅಪ್ಪನ ಒಲೆ ಮೇಲೆ ಒಂದು ತುಂಡು ಹಾಕು. ಭಾನುವಾರ ಚರ್ಚ್ ಮುಗಿಸ್ಕೊಂಡು ನಿಮ್ಮನೇಲಿ ಊಟ."

"ಆಯ್ತು, ಹಾಕ್ತೀನಿ."

"ಅಪ್ಪನ ಒಲೆ ಅಂದೆ. ನಿನ್ನ ಆ ಕರೆಂಟಿನ ಡಬ್ಬಿ ಅಲ್ಲ."

"ಕೇಳಿಸ್ತು ಮಾರಾಯ. ಓಕ್ ಸೌದೇಲೇ ಮಾಡ್ತೀನಿ, ಸಾಕಾ?"

"ಸಾಕು," ಅಂದ ಎರ್ವಿನ್. "ಬೆಳಿಗ್ಗೆ ಆರಕ್ಕೆ ಹಾಕ್ತೀಯ ತಾನೆ?" ಎಂದು ಕೇಳಿ ಫೋನ್ ಇಟ್ಟ.

ಅಪ್ಪನ ಒಲೆ ಇರುವುದು ಚರ್ಚಿನ ಸಭಾಭವನದ ಹಿಂದೆ. ಇಟ್ಟಿಗೆ ಗೋಡೆ, ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಓಕ್ ಮರದ ಕೆಳಗೆ ಒಂದು ಬೆಂಚು. ಊರಿನ ಯಾರು ಬೇಕಾದರೂ ಅದರಲ್ಲಿ ಬೇಯಿಸಬಹುದು, ಆದರೆ ಅಪ್ಪ ಹಾಕಿದ ಒಂದು ಕಟ್ಟಳೆ ಇತ್ತು: ಬೆಂಕಿ ಹೊತ್ತಿಸಿದವನು ಮಾಂಸ ಇಳಿಸುವ ತನಕ ಅಲ್ಲಿಂದ ಕದಲಬಾರದು. ಕದಲಲು ಆಗುವುದೂ ಇಲ್ಲ. ದನದ ಹೆಗಲಿನ ತುಂಡು ಒಂದೇ ಸಮನೆ ಬಿಸಿಯಾಗುತ್ತಾ ಬಂದು, ನೂರ ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ತಲುಪಿದ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಎರಡು ಗಂಟೆ, ಮೂರು ಗಂಟೆ, ಶಾಖಮಾಪಕದ ಮುಳ್ಳು ಮಿಸುಕುವುದಿಲ್ಲ. ಕೊವಾರ್ ಮನೆಯವರು ಅದಕ್ಕೆ ಮುನಿಸು ಅನ್ನುತ್ತಿದ್ದರು. ಮುನಿಸಿಕೊಂಡವರನ್ನು ಏನು ಮಾಡುತ್ತೀರಿ, ಪಕ್ಕದಲ್ಲಿ ಕೂರಬೇಕು ಅಷ್ಟೆ.

ಅವರಪ್ಪ ಬಾಯಿ ಬಿಡುತ್ತಿದ್ದದ್ದೇ ಆ ಹೊತ್ತಿನಲ್ಲಿ. ವಾರವಿಡೀ ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ ಅನ್ನುವ ಮನುಷ್ಯ ಮುನಿಸಿನ ಬೆಂಚಿನಲ್ಲಿ ಕೂತು ಎಲ್ಲ ಹೇಳಿದ್ದ: ಇವರಿಗಿಂತ ಮುಂಚೆ ಹುಟ್ಟಿ ಸತ್ತ ಮಗುವಿನ ಹೆಸರು, ಅಮ್ಮನಿಗೆ ಬಂದ ಕಾಯಿಲೆ, ತನಗೆ ಸಾವೆಂದರೆ ಭಯ ಅನ್ನುವುದು. ಅಪ್ಪ ಹೋದ ಮೇಲೆ ಆ ಜಾಗದಲ್ಲಿ ಎರ್ವಿನ್ ಕೂತ. ಲೇರಾಯ್ ಕುಡಿತ ಬಿಟ್ಟದ್ದು ಅಣ್ಣ ಆ ಬೆಂಚಿನ ಮೇಲೆ ಹೇಳಿದ ನಾಲ್ಕು ಮಾತಿನಿಂದ. ಆ ನಾಲ್ಕು ಮಾತು ಹೆಂಡತಿ ಬರ್ನೀಸ್‌ಗೂ ಗೊತ್ತಿಲ್ಲ, ಗಂಡ ಅದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.

ಈಗ ಎರ್ವಿನ್ ಹೊಗೆಯ ಹತ್ತಿರ ಸುಳಿಯಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಶನಿವಾರ ಲೇರಾಯ್ ಒಬ್ಬನೇ ಕೂರಬೇಕು.

ಶುಕ್ರವಾರವೇ ಅವನು ಸೌದೆಯನ್ನು ಗಾಡಿಗೆ ತುಂಬಿದ್ದ, ಅದು ನಿಜ. ಆರು ಪೌಂಡಿನ ತುಂಡಿಗೆ ಉಪ್ಪು, ಕರಿಮೆಣಸು ತಿಕ್ಕಿಟ್ಟಿದ್ದ, ಅದೂ ನಿಜ. ಶನಿವಾರ ಐದಕ್ಕೆ ಎದ್ದು ಹೊರಗೆ ಕಾಲಿಟ್ಟರೆ ಟೆಕ್ಸಸ್ಸಿನ ಆಗಸ್ಟ್ ತಿಂಗಳು ಆಗಲೇ ಬೆವರಿಳಿಸುತ್ತಿತ್ತು. ಮಂಡಿ ಚುಚ್ಚುತ್ತಿತ್ತು. ಹಿಂದಿನ ಜಗಲಿಯಲ್ಲಿ, ನಿವೃತ್ತಿಯಾದಾಗ ಬರ್ನೀಸ್ ಕೊಡಿಸಿದ ಪೆಲೆಟ್ ಗ್ರಿಲ್, ಅಣ್ಣ ಹಂಗಿಸುವ ಆ ಕರೆಂಟಿನ ಡಬ್ಬಿ, ಮಳೆಹೊದಿಕೆಯೊಳಗೆ ನಿಂತಿತ್ತು.

ಮಂಡಿ, ಸೆಕೆ ಎಲ್ಲ ನೆಪ. ಏಳೆಂಟು ಗಂಟೆ ಆ ಬೆಂಚಿನ ಮೇಲೆ ಒಬ್ಬನೇ ಕೂತರೆ ಸೋಮವಾರ ನೆನಪಾಗುತ್ತದೆ. ಅಣ್ಣನ ದನಿ ಇಲ್ಲದ ಲೋಕ ನೆನಪಾಗುತ್ತದೆ. ಅದಕ್ಕೆ ಅಂಜಿದ ಅವನು. ಅರವತ್ಮೂರು ವರ್ಷದ ಗಂಡಸು, ಒಂದು ಬೆಂಚಿಗೆ ಅಂಜಿದ.

ಹೊದಿಕೆ ತೆಗೆದ. ಒತ್ತಿ ಮಾಡಿದ ಮರದ ಪುಡಿಯ ಗುಳಿಗೆಗಳನ್ನು ಡಬ್ಬಿಗೆ ಸುರಿದ. ಗುಂಡಿ ತಿರುಗಿಸಿ ಇನ್ನೂರ ಇಪ್ಪತ್ತೈದಕ್ಕೆ ನಿಲ್ಲಿಸಿದ. ಒಳಗಿನ ತಿರುಪು ತಾನೇ ತಿರುಗಿ ಗುಳಿಗೆಗಳನ್ನು ಬೆಂಕಿಗೆ ತಳ್ಳತೊಡಗಿತು, ಫ್ಯಾನು ಗುಂಯ್‌ಗುಟ್ಟಿತು, ತೆಳ್ಳನೆಯ ಹೊಗೆ ಬಂತು. ಮಾಂಸಕ್ಕೆ ಶಾಖದ ಕಡ್ಡಿ ಚುಚ್ಚಿ, ಮುಚ್ಚಿ, ಒಳಗೆ ಹೋಗಿ ಮತ್ತೆ ಮಲಗಿದ.

"ಸೌದೆ ಗಾಡೀಲೇ ಇದೆ?" ಎಂದಳು ಬರ್ನೀಸ್, ಎಂಟು ಗಂಟೆಗೆ.

"ಇರ್ಲಿ."

"ಎರ್ವಿನ್‌ಗೆ ಏನಂತೀಯ?"

"ಏನೂ ಅನ್ನಲ್ಲ. ಅವನ ಮೂಗು ನಾಲಿಗೆ ಎರಡೂ ರೇಡಿಯೇಷನ್‌ನಲ್ಲಿ ಹೋಗಿವೆ. ಯಾವ ಹೊಗೆ ಅಂತ ಅವನಿಗೇನು ಗೊತ್ತಾಗುತ್ತೆ?"

ಬರ್ನೀಸ್ ಗಂಡನ ಮುಖವನ್ನೇ ನೋಡಿದಳು. "ಅವನಿಗೆ ಗೊತ್ತಾಗದೇ ಇರಬಹುದು. ನಿನಗೆ ಗೊತ್ತಲ್ಲ," ಎಂದು ಕಾಫಿ ಲೋಟ ತೊಳೆಯಲು ಹೋದಳು.

ಹತ್ತು ಗಂಟೆಗೆ ಮಾಂಸ ಮುನಿಸಿಕೊಂಡಿತು. ಲೇರಾಯ್ ತಣ್ಣಗಿನ ಕೋಣೆಯಲ್ಲಿ ಬೇಸ್‌ಬಾಲ್ ನೋಡುತ್ತಾ, ಶಾಖದ ಕಡ್ಡಿ ಫೋನಿಗೆ ಕಳಿಸುವ ಅಂಕಿ ನೋಡಿದ: ನೂರ ಅರವತ್ತು. ಅರ್ಧ ಗಂಟೆ ಬಿಟ್ಟು ನೋಡಿದ: ನೂರ ಅರವತ್ತು. ಆ ಅಂಕಿ ಅವನನ್ನು ದಿಟ್ಟಿಸಿದ ಹಾಗಾಯಿತು. ತಡೆಯಲಾರದೆ ಎದ್ದು ಹೋಗಿ, ತುಂಡನ್ನು ಕಂದು ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಶಾಖ ಏರಿಸಿಬಿಟ್ಟ. ಮುನಿಸು ಮುಗಿಯಿತು. ಕೂತು ಕಳೆಯಲಿಲ್ಲ, ಬಾಯಿ ಕಟ್ಟಿ ಮುಗಿಸಿದ.

ಸಂಜೆ ಇನ್ನೊಂದು ಕೆಲಸ ಮಾಡಿದ. ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಒಂದು ಹಳೇ ಬಕೆಟ್ಟಿನಲ್ಲಿ ಎರಡು ಓಕ್ ಚಕ್ಕೆ ಹೊತ್ತಿಸಿ, ಭಾನುವಾರ ತೊಡಬೇಕಾದ ಅಂಗಿಯನ್ನು ಅದರ ಮೇಲೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಅಣ್ಣನ ಮೂಗು ಹೋಗಿದೆ ಅಂದವನೇ, ಆ ಮೂಗಿಗೋಸ್ಕರ ಅಂಗಿಗೆ ಹೊಗೆ ಹಾಕಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡ.

ಭಾನುವಾರ ಎರ್ವಿನ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಾಲರು ಸೊರಗಿದ ಕುತ್ತಿಗೆಗೆ ಸಡಿಲವಾಗಿತ್ತು. ತಮ್ಮನನ್ನು ಅಪ್ಪಿಕೊಂಡು ಭುಜದ ಹತ್ತಿರ ಮೂಗು ತಂದು, "ಓಕ್," ಅಂದ. ಲೇರಾಯ್ ಬಿಡಿಸಿಕೊಂಡು ಮೇಜಿನ ಕಡೆ ನಡೆದ.

ಮಾಂಸ ಕೊಯ್ದರೆ ಅಂಚಿಗೆ ಹೊಗೆ ಹಿಡಿದ ಗುರುತಾಗಿ ಗುಲಾಬಿ ಬಣ್ಣದ ಬಳೆ ಬಂದಿತ್ತು, ಚಾಕು ತಾಕುವ ಮೊದಲೇ ಬಿಡಿಸಿಕೊಳ್ಳುತ್ತಿತ್ತು. ಅಷ್ಟು ಚೆನ್ನಾಗಿ ಬಂದಿರದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎರ್ವಿನ್ ಚೂರು ಚೂರು ಮಾಡಿ, ಗ್ರೇವಿಯಲ್ಲಿ ನೆನೆಸಿ, ಪ್ರತಿ ತುತ್ತಿಗೂ ಕಣ್ಣು ಮುಚ್ಚಿ ನುಂಗಿದ.

"ಚೆನ್ನಾಗಿದೆ," ಅಂದ. "ಮುನಿಸು ಎಷ್ಟೊತ್ತಿತ್ತು?"

"ಮೂರು ಗಂಟೆ. ಹತ್ತರಿಂದ ಒಂದರ ತನಕ."

"ಯಾರಾದ್ರೂ ಬಂದು ಕೂತ್ರಾ ಜೊತೆಗೆ?"

"ಇಲ್ಲ. ಒಬ್ಬನೇ ಇದ್ದೆ."

ಎರ್ವಿನ್ ಫೋರ್ಕನ್ನು ತಟ್ಟೆಯ ಮೇಲಿಟ್ಟ. ತಮ್ಮನನ್ನು ಸ್ವಲ್ಪ ಹೊತ್ತು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕಾಯುವ ಹಾಗಿತ್ತು. ಬರ್ನೀಸ್ ಮೇಜಿನ ಕೆಳಗೆ ಗಂಡನ ಕಾಲನ್ನು ಒತ್ತಿದಳು. ಲೇರಾಯ್ ಬ್ರೆಡ್ಡು ಮುರಿಯುತ್ತಾ ಕೂತ.

"ಬಿಸಿಲು ಜೋರಿತ್ತು ಅಲ್ವಾ ನಿನ್ನೆ," ಅಂದ ಎರ್ವಿನ್ ಕೊನೆಗೆ.

"ಅಯ್ಯೋ, ಕೇಳಬೇಡ. ಬೆಂದುಹೋದೆ."

"ಹೂಂ," ಅಂದ ಎರ್ವಿನ್, ಥೇಟ್ ಅವರಪ್ಪನ ಹಾಗೆ. ಇನ್ನೊಂದು ಚೂರು ಹಾಕಿಸಿಕೊಂಡು ತಿಂದ. ಹೊರಡುವಾಗ ಬರ್ನೀಸ್‌ಗೆ ತಮಾಷೆ ಮಾಡಿದ, ನಾಯಿಯನ್ನು ಹೆಸರು ಹಿಡಿದು ಕರೆದ, ತಮ್ಮನಿಗೆ "ಬರ್ತೀನಿ ಲೇರಾಯ್" ಅಂದ. ಲೇರಾಯ್ ಅಣ್ಣನ ಬಾಯಿಂದ ಕೇಳಿದ ಕೊನೆಯ ಮಾತು ಅದೇ.

ಬುಧವಾರ ಆಸ್ಪತ್ರೆಗೆ ಹೋದಾಗ ಎರ್ವಿನ್ ದಿಂಬಿಗೆ ಒರಗಿ ಕೂತಿದ್ದ. ಕುತ್ತಿಗೆಯಲ್ಲಿ ತೂತು, ಮೂಗಿನಲ್ಲಿ ನಳಿಗೆ, ತೊಡೆಯ ಮೇಲೆ ಮಕ್ಕಳ ಸ್ಲೇಟಿನಷ್ಟು ದೊಡ್ಡದೊಂದು ಬಿಳಿ ಹಲಗೆ. ತಮ್ಮನನ್ನು ನೋಡಿ ಬರೆದ: "ಬರ್ನೀಸ್‌ಗೆ ಹೇಳು, ಇನ್ಮೇಲೆ ಅವಳದೇ ಮಾತು."

ಲೇರಾಯ್ ನಗಲು ಹೋದ, ಆಗಲಿಲ್ಲ. ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಕುರ್ಚಿಯಲ್ಲಿ ಕೂರುತ್ತಲೇ ಹೇಳಿಬಿಟ್ಟ.

"ಎರ್ವಿ, ಶನಿವಾರ ನಾನು ಒಲೆ ಹತ್ರ ಹೋಗಲೇ ಇಲ್ಲ. ಡಬ್ಬೀಲಿ ಮಾಡಿದೆ. ಅಂಗಿಗೆ ಹೊಗೆ ಹಾಕ್ಕೊಂಡು ನಿನ್ ಮುಂದೆ ನಾಟಕ ಆಡಿದೆ. ನನಗೆ ಅಲ್ಲಿ ಒಬ್ಬನೇ ಕೂರೋಕೆ ಭಯ ಆಯ್ತು."

ಎರ್ವಿನ್ ತಲೆಯಾಡಿಸಿದ. ಬರೆದು ಹಲಗೆಯನ್ನು ತಿರುಗಿಸಿ ಹಿಡಿದ.

"ಗೊತ್ತು. ಹತ್ತಕ್ಕೆ ಬಂದಿದ್ದೆ."

ಲೇರಾಯ್ ಎರಡು ಸಲ ಓದಿದ. "ಎಲ್ಲಿಗೆ?"

"ಬೆಂಚಿಗೆ. ಮುನಿಸಿಗೆ." ಒರೆಸಿ ಮತ್ತೆ ಬರೆದ: "ಡಾಕ್ಟರಿಗೆ ಹೇಳಬೇಡ. ಹನ್ನೆರಡರ ತನಕ ಇದ್ದೆ. ಲೇಟಾಗಿ ಬರ್ತೀಯೇನೋ ಅಂದ್ಕೊಂಡೆ."

ಆರಿದ ಒಲೆಯ ಪಕ್ಕ, ಆ ಬಿಸಿಲಲ್ಲಿ, ಎರಡು ಗಂಟೆ. ಇವನು ಬೇಸ್‌ಬಾಲ್ ನೋಡುತ್ತಿದ್ದ ಹೊತ್ತಿನಲ್ಲಿ. ಊಟದ ಮೇಜಿನಲ್ಲಿ 'ಒಬ್ಬನೇ ಇದ್ದೆ' ಎಂದು ಇವನು ಹೇಳಿದ್ದನ್ನು ಕೇಳಿಸಿಕೊಂಡು, ಇನ್ನೊಂದು ಚೂರು ಹಾಕಿಸಿಕೊಂಡು ತಿಂದಿದ್ದ.

"ಫೋನ್ ಮಾಡೋದಲ್ವಾ?" ಅಂದ ಲೇರಾಯ್. "ನೀನು ಏನೋ ಹೇಳೋಕೆ ಬಂದಿದ್ದೆ. ಏನದು? ಈಗ ಹೇಳು. ಬರಿ, ಓದ್ತೀನಿ. ಎಷ್ಟಿದ್ರೂ ಬರಿ."

ಎರ್ವಿನ್ ಪೆನ್ನು ಹಿಡಿದು ಹಲಗೆಯನ್ನೇ ನೋಡಿದ. ಒಂದು ಪದ ಬರೆದ, ಅಂಗೈಯಿಂದ ಒರೆಸಿದ. ಇನ್ನೊಂದು ಬರೆದ, ಅದನ್ನೂ ಒರೆಸಿದ. ಬೆರಳೆಲ್ಲ ಮಸಿಯಾಯಿತು. ತುಂಬ ಹೊತ್ತಾದ ಮೇಲೆ ನಿಧಾನವಾಗಿ ಬರೆದು ತೋರಿಸಿದ.

"ಬರೆಯೋ ಅಂಥದ್ದಲ್ಲ."

ಪೆನ್ನಿಗೆ ಮುಚ್ಚಳ ಹಾಕಿ, ಹಲಗೆಯನ್ನು ಮಗುಚಿಟ್ಟು, ಕೈಯನ್ನು ಚಾದರದ ಮೇಲೆ ತಮ್ಮನ ಕಡೆಗೆ ಚಾಚಿದ. ಲೇರಾಯ್ ಆ ಮಸಿಯಾದ ಕೈಯನ್ನು ಹಿಡಿದುಕೊಂಡು ಕೂತ. ಹೊತ್ತಾಯಿತು, ಏಳಿ ಎಂದು ನರ್ಸ್ ಎರಡು ಸಲ ಬಂದು ಹೇಳಿದಳು. ಅವನು ಏಳಲಿಲ್ಲ.