ಎಡಗಡೆ ಪೆಟ್ಟಿಗೆಯ ವೈರು

ಸ್ಪೀಕರಿಗೆ ದುಬಾರಿ ವೈರು ಹಾಕುವವರನ್ನು ಕಂಡರೆ ಅಪ್ಪನಿಗೆ ಆಗುತ್ತಿರಲಿಲ್ಲ. ಮೂವತ್ತೆಂಟು ವರ್ಷದಿಂದ ಅದೇ ಸ್ಪೀಕರ್ ರಿಪೇರಿ ಅಂಗಡಿ, ಅದೇ ಮೇಜು, ಅದೇ ಮಾತು. ಯಾರಾದರೂ ಗಿರಾಕಿ ಹೆಬ್ಬೆರಳು ದಪ್ಪದ, ಹೊಳೆಯುವ ಬಲೆ ಹೊದ್ದ ವೈರು ತಂದು ತೋರಿಸಿದರೆ ಕನ್ನಡಕವನ್ನು ಹಣೆಗೇರಿಸಿ ಕೇಳುತ್ತಿದ್ದ: "ಮನೇಲಿ ಹಾಡು ಕೇಳ್ತೀರೋ, ಹಡಗು ಕಟ್ಟಿ ಎಳೀತೀರೋ?"

ಆಮೇಲೆ ಪಾಠ. ಹತ್ತು ಹೆಜ್ಜೆಯ ಕೋಣೆಗೆ ಮೇಜಿನ ದೀಪಕ್ಕೆ ಹಾಕುವ ಎರಡೆಳೆ ವೈರು ಧಾರಾಳ ಸಾಕು. ತಾಮ್ರ ಅಪ್ಪಟವಾಗಿರಬೇಕು, ಅಷ್ಟೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಬಣ್ಣ ಬಳಿದಿದ್ದಾರೆ, ಬಿಸಾಕಿ. ಒಳಗೂ ಕೆಂಪಗಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ.

ಮಗಳು ಈ ಪಾಠ ಕೇಳಿಕೊಂಡೇ ಬೆಳೆದವಳು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಗಲ್ಲಾಪೆಟ್ಟಿಗೆಯೂ ಬೆಸುಗೆಯೂ ಅವಳ ಪಾಲಿಗೆ ಬಂದಿದ್ದವು. ಅಪ್ಪನಿಗೆ ಉಳಿದದ್ದು ಕಿವಿ ಮಾತ್ರ. ರಿಪೇರಿಯಾದ ಪ್ರತಿ ಜೋಡಿ ಸ್ಪೀಕರ್ ಪೆಟ್ಟಿಗೆಯನ್ನೂ ಗೋಡೆಗೆ ತಾಗಿಸಿ ಇಟ್ಟು, ಎದುರಿಗೆ ಸ್ಟೂಲು ಹಾಕಿ ಕೂತು, ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳುತ್ತಿದ್ದ. "ಹೂಂ, ಕೊಡು" ಅಂದರೆ ಮಾತ್ರ ಅದು ಹೊಸ್ತಿಲು ದಾಟುತ್ತಿತ್ತು. ಊರಿನಲ್ಲಿ ಬೇರೆ ಅಂಗಡಿಗಳಿದ್ದರೂ ಜನ ಇಲ್ಲಿಗೆ ಬರುತ್ತಿದ್ದದ್ದು ಆ "ಹೂಂ"ಗಾಗಿ.

ಸೋಮವಾರ ಹಲ್ಲಿನ ಡಾಕ್ಟರೊಬ್ಬರ ಪೆಟ್ಟಿಗೆಗಳ ಜೋಡಿ ಸ್ಟೂಲಿನೆದುರು ಬಂತು. ಹರಿದಿದ್ದದ್ದು ಬಲಗಡೆ ಪೆಟ್ಟಿಗೆಯೊಳಗೆ ಕಂಪಿಸಿ ದನಿ ಹೊರಡಿಸುವ ಕಾಗದ. ಅದನ್ನು ಅವಳು ಬದಲಿಸಿಯಾಗಿತ್ತು. ಅಪ್ಪ ಕೇಳಿ ಹುಬ್ಬು ಗಂಟಿಕ್ಕಿದ.

"ಎಡಗಡೇದು ಮಂಕಾಗಿದೆಯಲ್ಲಮ್ಮ."

"ಎಡಗಡೇದನ್ನ ನಾನು ಮುಟ್ಟೇ ಇಲ್ಲ ಅಪ್ಪ."

"ಅದಕ್ಕೇ ಮಂಕಾಗಿದೆ. ಮುಟ್ಟು."

ಅವಳು ಎಡಗಡೆ ಪೆಟ್ಟಿಗೆಯೊಳಗಿನ ತಾಮ್ರದ ಸುರುಳಿ ಬಿಚ್ಚಿ ಹೊಸದು ಹಾಕಿದಳು. ಮಂಗಳವಾರವೂ ಮಂಕು. ಈ ಕಸುಬಿನಲ್ಲಿ ಅನುಮಾನ ಬಂದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡುವುದು ಮೊದಲ ಪಾಠ. ದೋಷ ಯಾವುದರ ಜೊತೆ ಹೋಗುತ್ತದೋ ಅದೇ ಕೆಟ್ಟಿದೆ ಅಂತ ಲೆಕ್ಕ. ಅವಳಿಗೆ ಅದನ್ನು ಕಲಿಸಿದವನೂ ಅಪ್ಪನೇ, ಅವಳಿನ್ನೂ ಹನ್ನೊಂದು ವರ್ಷದವಳಿದ್ದಾಗ. ಬುಧವಾರ ಅಪ್ಪ ಕೈ ತೊಳೆಯಲು ಒಳಗೆ ಹೋದಾಗ ಅವಳು ಎಲ್ಲವನ್ನೂ ಅದಲುಬದಲು ಮಾಡಿದಳು. ಪೆಟ್ಟಿಗೆ, ವೈರು, ಆಂಪ್ಲಿಫೈಯರಿನ ಹಿಂದಿನ ತೂತುಗಳು, ಒಂದನ್ನೂ ಬಿಡಲಿಲ್ಲ. ಬಲದ್ದೆಲ್ಲ ಎಡಕ್ಕೆ ಬಂತು. ಅಪ್ಪ ಟವೆಲಿನಲ್ಲಿ ಕೈ ಒರೆಸುತ್ತ ಬಂದು ಸ್ಟೂಲಿನ ಮೇಲೆ ಕೂತ.

"ಇನ್ನೂ ಮಂಕೇ," ಅಂದ. "ಎಡಗಡೆ."

ಅವಳು ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು.

"ಅಪ್ಪ, ಒಂದ್ಸಲ ಡಾಕ್ಟರ ಹತ್ರ ಹೋಗಿ ಬರೋಣ್ವಾ?"

"ಯಾಕೆ, ಹಲ್ಲಿನ ಡಾಕ್ಟ್ರು ಅವಸರ ಮಾಡಿದ್ರಾ?"

"ಅವರಲ್ಲ."

"ಮತ್ಯಾರು? ಯಾರಿಗೇನಾಗಿದೆ?"

"ಯಾರಿಗೂ ಏನಿಲ್ಲ," ಅಂದಳು. ಡಬ್ಬಿಯ ಮುಚ್ಚಳ ಹಾಕಿದಳು.

ಗುರುವಾರ ಬೆಳಿಗ್ಗೆ ಅಪ್ಪ ಕನ್ನಡಕ ಹಣೆಗೇರಿಸದೆ, ಅವಳ ಮುಖ ನೋಡದೆ ಹೇಳಿದ: "ವೈರೇ ಸರಿ ಇಲ್ಲ. ಉದ್ದಣ್ಣನ ಅಂಗಡಿಗೆ ಹೋಗಿ ಒಳ್ಳೇದು ತಗೊಂಡು ಬಾ. ದಪ್ಪದ್ದು. ಮೇಲೆ ಬಲೆ ಇರುತ್ತಲ್ಲ, ಅದು."

ಪೆಟ್ಟಿಗೆ ಮಂಕು ಅಂದದ್ದಕ್ಕಿಂತ ಈ ಮಾತು ಅವಳನ್ನು ಹೆಚ್ಚು ಹೆದರಿಸಿತು.

ಉದ್ದಣ್ಣ ಹಿಂದೆ ಅಪ್ಪನ ಹತ್ತಿರವೇ ಕೆಲಸ ಕಲಿತವನು. ಈಗ ಎರಡು ಬೀದಿಯಾಚೆ ಸ್ವಂತ ಅಂಗಡಿ. ಮಾಡಿಗೆ ತಲೆ ತಾಗದಂತೆ ಬಗ್ಗಿಯೇ ವ್ಯಾಪಾರ ಮಾಡುತ್ತಿದ್ದ. ಅವಳು ಕೇಳಿದ್ದಕ್ಕೆ ಅವನು ಎಂದಿನ ಎರಡೆಳೆ ವೈರಿನ ಸುರುಳಿಯನ್ನೇ ಎಳೆದ.

"ಅದಲ್ಲ. ಬಲೇದು."

"ಏನು ತಂಗಿ, ತಮಾಷೆನಾ? ಅದನ್ನ ಮಾರಿದ್ದಕ್ಕೆ ಮೇಷ್ಟ್ರು ನನ್ನ ಹತ್ರ ಎರಡು ವರ್ಷ ಮಾತು ಬಿಟ್ಟಿದ್ರು. ಈಗ ಅವರ ಅಂಗಡಿಗೇ ಬೇಕಾ?"

"ಅವರೇ ಹೇಳಿದ್ದು."

ಉದ್ದಣ್ಣ ನಗುವುದಕ್ಕೆ ಬಾಯಿ ತೆರೆದವನು ಅವಳ ಮುಖ ನೋಡಿ ಬಲೆಯ ಸುರುಳಿಯನ್ನು ಕೆಳಗಿಳಿಸಿದ. ವೈರು ಅಳೆದು ಕತ್ತರಿಸಿದ. ಕಟ್ಟಿ ಕೊಡುವಾಗ ಮೆಲ್ಲಗೆ ಕೇಳಿದ: "ಯಾವ ಕಿವಿ?"

"ಎಡಗಡೇದು."

"ಮೇಷ್ಟ್ರಿಗೆ ಹೇಳಿದ್ದೀಯಾ?"

"ಹೇಗೆ ಹೇಳ್ಲಿ? ನೀನು ಬಂದು ಹೇಳ್ತೀಯಾ?"

"ಅಯ್ಯೋ, ನನ್ನ ಕೈಲಾಗಲ್ಲಪ್ಪ," ಅಂದ ಉದ್ದಣ್ಣ. ಮಾಡಿಗೆ ತಲೆ ಬಡಿಸಿಕೊಂಡ.

ಅವಳು ಹೊಸ ವೈರು ಸಿಕ್ಕಿಸುವಾಗ ಮೂರೂವರೆ. ನಾಲ್ಕಕ್ಕೆ ಹಲ್ಲಿನ ಡಾಕ್ಟರು ಬರುವವರಿದ್ದರು. ಅಪ್ಪ ಆಗಲೇ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ, ಮೊಣಕಾಲಿನ ಮೇಲೆ ಎರಡೂ ಕೈ ಊರಿಕೊಂಡು. ಅವಳು ಆಂಪ್ಲಿಫೈಯರಿನ ಮುಂದೆ ನಿಂತು ಹಾಡು ಹಾಕಿದಳು, ಅಪ್ಪನ ಹುಬ್ಬು ಗಂಟಿಕ್ಕಿತು. ಎಡಕ್ಕೂ ಬಲಕ್ಕೂ ದನಿ ಹಂಚುವ ಗುಂಡಿ ಸರಿಯಾಗಿ ನಡುವೆ ಇತ್ತು. ಅದನ್ನು ಎಡಕ್ಕೆ ತಿರುಗಿಸಿದಳು. ತುಸು ತಿರುಗಿಸಿದ್ದು ಸಾಕಾಗಲಿಲ್ಲ. ಅಪ್ಪನ ಹುಬ್ಬು ನೋಡಿಕೊಂಡು ಇನ್ನೂ ತಿರುಗಿಸಿದಳು. ಹುಬ್ಬಿನ ಗಂಟು ಬಿಚ್ಚಿತು.

"ಹೂಂ," ಅಂದ ಅಪ್ಪ. "ನೋಡಿದ್ಯಾ? ವೈರೇ ಆಗಿತ್ತು. ಕೊಡು."

ಮೂರು ದಿನದಿಂದ ಇಲ್ಲದ ನಗು ಅಪ್ಪನ ಮುಖಕ್ಕೆ ಬಂದಿತ್ತು. ಡಾಕ್ಟರು ಒಳಗೆ ಬಂದಾಗ ಅವರಿಗೆ ತಾನೇ ಸ್ಟೂಲು ಬಿಟ್ಟುಕೊಟ್ಟ. "ಕೂತು ಕೇಳಿ. ಹೊಸ ವೈರು ಹಾಕಿದ್ದೀವಿ, ಅದರ ದುಡ್ಡು ಬೇಡ."

ಗುಂಡಿಯನ್ನು ಹಿಂದಕ್ಕೆ ತಿರುಗಿಸಲು ಅವಳಿಗೆ ಸಮಯ ಸಿಗಲಿಲ್ಲ. ಅಪ್ಪ ಆಂಪ್ಲಿಫೈಯರಿಗೆ ಆನಿಕೊಂಡೇ ನಿಂತಿದ್ದ. ಡಾಕ್ಟರು ಅರ್ಧ ಹಾಡು ಕೇಳಿ ತಲೆ ಕೆರೆದುಕೊಂಡರು.

"ಎಲ್ಲಾ ಎಡಗಡೆಯಿಂದಲೇ ಬರ್ತಾ ಇದೆಯಲ್ರೀ. ಬಲಗಡೇದು ಇನ್ನೂ ರಿಪೇರಿ ಆಗಿಲ್ವಾ?"

"ದಿನಾ ಆ ಹಲ್ಲು ಕೊರೆಯೋ ಮೆಷಿನ್ ಪಕ್ಕ ನಿಂತ್ರೆ ಇನ್ನೇನಾಗುತ್ತೆ? ನಿಮ್ಮ ಬಲಗಿವಿ ಹೋಗಿದೆ ಡಾಕ್ಟ್ರೇ," ಅಂದ ಅಪ್ಪ. ಡಾಕ್ಟರು ನಕ್ಕರು. ಅಪ್ಪನೂ ನಕ್ಕ. ನಗುತ್ತ ದನಿ ತಗ್ಗಿಸಲು ಆಂಪ್ಲಿಫೈಯರಿನ ಕಡೆ ಬಗ್ಗಿದವನ ಕಣ್ಣಿಗೆ ಪಕ್ಕದ ಗುಂಡಿ ಬಿತ್ತು.

ಅಪ್ಪ ಅದನ್ನು ನೋಡುತ್ತಲೇ ಇದ್ದ. ಅವಳ ಕಡೆ ತಿರುಗಲಿಲ್ಲ. ಆಮೇಲೆ ಎರಡು ಬೆರಳಿನಿಂದ ಗುಂಡಿಯನ್ನು ನಡುವಿಗೆ ತಂದಿಟ್ಟ.

"ಹಾ, ಈಗ ಸರಿಹೋಯ್ತು," ಅಂದರು ಡಾಕ್ಟರು. "ಎರಡೂ ಸಮಸಮ. ಕಟ್ಟಿಸಿ, ತಗೊಂಡು ಹೋಗ್ತೀನಿ."

"ಇವತ್ತು ಆಗಲ್ಲ."

"ಯಾಕ್ರೀ? ಚೆನ್ನಾಗಿದೆಯಲ್ಲ."

"ಚೆನ್ನಾಗಿಲ್ಲ," ಅಂದ ಅಪ್ಪ. "ವೈರು ಕಳಪೆ. ಬೇರೆ ತರಿಸ್ಬೇಕು. ಸೋಮವಾರ ಬನ್ನಿ."

ಡಾಕ್ಟರು ಅವಳ ಮುಖ ನೋಡಿದರು. ಅವಳು ಬಾಗಿಲ ಕಡೆ ನೋಡಿದಳು. ಅವರು ಏನೂ ಅರ್ಥವಾಗದೆ ಹೊರಟುಹೋದರು.

ಅಪ್ಪ ಹಾಡು ನಿಲ್ಲಿಸಿದ. ಹೊಸ ವೈರನ್ನು ಕಿತ್ತು, ಸ್ಟೂಲನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂತ. ಬಲೆ ಸರಿಸಿ, ರಬ್ಬರು ಸುಲಿದು, ಒಳಗಿನ ಎಳೆಗಳನ್ನು ಬಿಡಿಸಿದ.

"ಬ್ಲೇಡು ಕೊಡು."

ಅವಳು ಕೊಟ್ಟಳು. ಅಪ್ಪ ಒಂದು ಎಳೆ ಕೆರೆದು ಬೆಳಕಿಗೆ ಹಿಡಿದ. ಕೆಂಪು. ಇನ್ನೊಂದು ಕೆರೆದ. ಅದೂ ಕೆಂಪು. ಕೈ ನಡುಗಿ ಬ್ಲೇಡು ಎರಡು ಸಲ ಜಾರಿತು. ತಾನು ಮಾಡಿಕೊಡುತ್ತೇನೆ ಎಂದು ಅವಳು ಕೈ ಚಾಚಿದಳು, ಅವನು ಕೊಡಲಿಲ್ಲ. ನೂರಕ್ಕೂ ಹೆಚ್ಚು ಎಳೆಗಳಿದ್ದವು. ಅಪ್ಪ ಒಂದನ್ನೂ ಬಿಡದೆ ಕೆರೆಯುತ್ತ ಹೋದ, ಎಲ್ಲಾದರೂ ಒಂದು ಬೆಳ್ಳಗೆ ಸಿಕ್ಕೀತೆಂದು.